16 ವರ್ಷ, 1,68,000 ಕಿ.ಮೀ: ಹಳೆ ಕಾರಿಗೆ ಅರ್ಧ ಲಕ್ಷ ಹಾಕಿದ್ದು ಸರಿಯಾಯಿತಾ?

ನಮ್ಮದು 2010ರ ಫೆಬ್ರವರಿಯಲ್ಲಿ ಕೊಂಡ ಸಣ್ಣ ಪೆಟ್ರೋಲ್ ಕಾರು, 1,100 ಸಿಸಿ. ಬಳ್ಳಾರಿಯ ಕೆಎ 34 ನಂಬರ್. ಕಂಪನಿ ಹೆಸರು ಬರೆಯುತ್ತಿಲ್ಲ, ಏಕೆಂದರೆ ಹದಿನಾರು ವರ್ಷವಾದ ಮೇಲೆ ಯಾವ ಕಂಪನಿಯ ಕಾರಿಗಾದರೂ ಇದೇ ಪ್ರಶ್ನೆ ಬರುತ್ತದೆ. ನಾನು ಶಾಲಾ ಶಿಕ್ಷಕಿ. ಕುರುಗೋಡು ಕಡೆಯ ಒಂದು ಹಳ್ಳಿಗೆ ದಿನಾ ಇದರಲ್ಲೇ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆ ಸಿಂಧನೂರಿನ ಅತ್ತೆ ಮನೆಗೂ ಇದೇ ಕಾರು.

ಮೊದಲ ಹನ್ನೆರಡು ವರ್ಷದ ಬಗ್ಗೆ ಹೇಳುವುದು ಕಡಿಮೆ. ಎಣ್ಣೆ, ಫಿಲ್ಟರ್, ಬ್ರೇಕ್ ಪ್ಯಾಡ್, ಎರಡು ಸಲ ಟೈರು, ಮೂರು ವರ್ಷಕ್ಕೊಂದು ಬ್ಯಾಟರಿ. ಅಷ್ಟೇ. ತೋರಣಗಲ್ಲು, ಸಂಡೂರು ಕಡೆ ಓಡಾಡುವವರಿಗೆ ಒಂದು ಮಾತು ಮಾತ್ರ ಹೇಳಬೇಕು. ಅದಿರು ಲಾರಿಗಳ ಕೆಂಪು ಧೂಳಿನಲ್ಲಿ ಏರ್ ಫಿಲ್ಟರ್ ಪುಸ್ತಕದಲ್ಲಿ ಬರೆದಷ್ಟು ದಿನ ಬಾಳುವುದಿಲ್ಲ. ನಾನು 5,000 ಕಿ.ಮೀ.ಗೇ ಬದಲಿಸುತ್ತೇನೆ. ಫಿಲ್ಟರ್ ಕಟ್ಟಿಕೊಂಡರೆ ಪಿಕಪ್ ಬೀಳುತ್ತದೆ.

2024ರ ಮೇ ತಿಂಗಳಲ್ಲಿ ಸಿಂಧನೂರಿನಿಂದ ವಾಪಸು ಬರುತ್ತಿದ್ದೆವು. ಮಧ್ಯಾಹ್ನದ ಬಿಸಿಲು, ಎಸಿ ಹಾಕಿದ್ದೆ. ತೆಕ್ಕಲಕೋಟೆ ಹತ್ತಿರ ಟೆಂಪರೇಚರ್ ಮುಳ್ಳು ಮೇಲೇರಿತು. ತಕ್ಷಣ ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಿದೆ. ಈಗ ಯೋಚಿಸಿದರೆ ನನ್ನ ದುಡ್ಡು ಉಳಿಸಿದ್ದು ಆ ಒಂದು ಕೆಲಸ. "ಇನ್ನೊಂದು ಐದು ಕಿ.ಮೀ. ಹೋಗೋಣ, ಪೆಟ್ರೋಲ್ ಬಂಕ್ ಸಿಗುತ್ತೆ" ಎಂದು ಮನೆಯವರು ಅಂದರು. ನಾನು ಕೇಳಲಿಲ್ಲ. ಮುಳ್ಳು ಕೆಂಪಿಗೆ ಬಂದ ಮೇಲೆ ಓಡಿಸಿದ ಒಂದೊಂದು ಕಿ.ಮೀ.ಯೂ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡನ್ನು ಸೊಟ್ಟ ಮಾಡಬಹುದು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನೂ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಗಾಡಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಳ್ಳಾರಿಗೆ ತಂದೆವು. ಮೇಸ್ತ್ರಿ ಆಯಿಲ್ ಮುಚ್ಚಳ ತೆಗೆದು ತೋರಿಸಿದರು. ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಹೆಡ್ಡಿನ ಕೆಳಗೆ ಕೂರುವ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿ, ಎಂಜಿನ್ ತಣ್ಣಗಿಡುವ ಕೂಲಂಟ್ ದ್ರವ ಎಂಜಿನ್ ಎಣ್ಣೆಗೆ ಸೇರಿತ್ತು. ಕಾರಣ ಹುಡುಕಿದಾಗ ರೇಡಿಯೇಟರ್ ಒಳಗೆಲ್ಲ ಬಿಳಿ ಪದರ. ನಮ್ಮ ಮನೆಯ ನೀರು ಕಾಯಿಸುವ ಹಂಡೆಯ ತಳದಲ್ಲಿ ಕೂರುವುದೂ ಇದೇ ಪದರ. ಎರಡು ಬೇಸಿಗೆ ಕೂಲಂಟ್ ಕಡಿಮೆಯಾದಾಗಲೆಲ್ಲ ಬೋರ್‌ವೆಲ್ ನೀರು ಹಾಕಿದ್ದೆವು. ತಪ್ಪು ನಮ್ಮದೇ. ಬಳ್ಳಾರಿ, ರಾಯಚೂರು ಕಡೆ ಬೋರ್ ನೀರು ಎಷ್ಟು ಗಡಸು ಅಂತ ಎಲ್ಲರಿಗೂ ಗೊತ್ತು. ಕುಡಿಯಲು ಬಳಸದ ನೀರನ್ನು ಎಂಜಿನ್‌ಗೆ ಹಾಕಿದ್ದೆವು. ಅಂಗಡಿಯಲ್ಲಿ ಸಿಗುವ ಕೂಲಂಟ್, ಇಲ್ಲವೇ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.

ಅಂದಾಜು ಬಂತು: 52,000 ರೂಪಾಯಿ. ಕೆಟ್ಟು ನಿಂತ ಕಾರಿಗೆ ಹಳೆ ಕಾರಿನ ವ್ಯಾಪಾರಿ ಹೇಳಿದ್ದು 45,000. ಗುಜರಿಯಲ್ಲಿ 22,000. ಮನೆಯಲ್ಲಿ ಎಲ್ಲರೂ ಒಂದೇ ಮಾತು: "ಕಾರಿನ ಬೆಲೆಗಿಂತ ರಿಪೇರಿ ಜಾಸ್ತಿ, ಬಿಟ್ಟುಬಿಡು." ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಎರಡು ದಿನ ನನಗೂ ಹಾಗೇ ಅನಿಸಿತ್ತು.

ಆದರೆ ಕಾರಿನ ಮಾರುಕಟ್ಟೆ ಬೆಲೆ ಮಾರುವವರಿಗೆ ಬೇಕಾದ ಲೆಕ್ಕ. ನನಗೆ ಬೇಕಾದದ್ದು ಇನ್ನೆರಡು ವರ್ಷ ಶಾಲೆಗೆ ಹೋಗಿ ಬರುವ ಲೆಕ್ಕ. ಆರು ಲಕ್ಷ ಸಾಲ ಮಾಡಿ ಹೊಸದು ಕೊಂಡರೆ ಶೇ 9ರ ಬಡ್ಡಿಯಲ್ಲಿ ಐದು ವರ್ಷ, ತಿಂಗಳಿಗೆ ಸುಮಾರು 12,500 ರೂಪಾಯಿ ಕಂತು. ಈ ರಿಪೇರಿ ನಾಲ್ಕು ಕಂತಿಗೆ ಸಮ. ಐದನೇ ತಿಂಗಳಿನಿಂದಾಚೆಗೆ ಕಾರು ಓಡಿದಷ್ಟೂ ನನಗೆ ಲಾಭ. ಹಾಗಾಗಿ ಇದು ಇನ್ನೂ ಎಷ್ಟು ತಿಂಗಳು ಓಡುತ್ತದೆ ಎನ್ನುವುದೊಂದೇ ನಿಜವಾದ ಪ್ರಶ್ನೆ.

ಅದಕ್ಕೆ ಉತ್ತರ ಕೊಟ್ಟಿದ್ದು ಮೇಸ್ತ್ರಿ. ದುಡ್ಡಿನ ಮಾತು ಎತ್ತುವ ಮೊದಲು ಗಾಡಿಯನ್ನು ಮೇಲಕ್ಕೆತ್ತಿ, ಬಾಗಿಲ ಕೆಳಗಿನ ತಗಡು, ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಚಾಸಿಸ್, ಎಲ್ಲವನ್ನೂ ಸ್ಕ್ರೂಡ್ರೈವರ್‌ನಿಂದ ಬಡಿದು ನೋಡಿದರು. ಎಲ್ಲಿಯೂ ತುಕ್ಕು ತೂತಾಗಿರಲಿಲ್ಲ. "ನೋಡ್ರಿ ಮೇಡಂ, ಬಾಡಿ ಗಟ್ಟಿ ಐತಿ. ಎಂಜಿನ್ ಮಾಡಬಹುದು. ಬಾಡಿ ಹೋಗಿದ್ರ ನಾನೇ ಬ್ಯಾಡ ಅಂತಿದ್ದೆ" ಎಂದರು.

ಆ ಮಾತು ನನಗೆ ಎಷ್ಟೋ ವಿಷಯ ತಿಳಿಸಿತು. ಮಂಗಳೂರಿನಲ್ಲಿರುವ ನನ್ನ ತಂಗಿಯ ಕಾರು ನಮ್ಮದಕ್ಕಿಂತ ಮೂರು ವರ್ಷ ಚಿಕ್ಕದು. ಮಳೆ, ಸಮುದ್ರದ ಉಪ್ಪು ಗಾಳಿಗೆ ಅದರ ಕೆಳಗಿನ ತಗಡು ಆಗಲೇ ಕಿತ್ತುಹೋಗಿದೆ. ನಮ್ಮ ಕಡೆ ಮಳೆ ಕಡಿಮೆ, ಗಾಳಿ ಒಣ. ಇಲ್ಲಿಯ ಬಿಸಿಲು ರಬ್ಬರ್ ತಿನ್ನುತ್ತದೆ. ಹೋಸ್ ಪೈಪು, ಬುಷ್, ಬೆಲ್ಟ್, ಬಾಗಿಲ ಬೀಡಿಂಗ್, ಟೈರಿನ ಪಕ್ಕೆ, ವೈಪರ್, ಎಲ್ಲವೂ ಒಣಗಿ ಬಿರುಕು ಬಿಡುತ್ತವೆ. ಪೇಂಟ್ ಮಂಕಾಗುತ್ತದೆ, ಡ್ಯಾಶ್‌ಬೋರ್ಡ್ ಸೀಳುತ್ತದೆ. ನೋಡಿದವರಿಗೆ ಕಾರು ಮುಗಿದೇಹೋಯಿತು ಅನಿಸುತ್ತದೆ. ಆದರೆ ರಬ್ಬರ್ ಬದಲಿಸಬಹುದು, ಅಗ್ಗ ಕೂಡ. ತಗಡು ಕೊಳೆತರೆ ಮುಗಿಯಿತು. ಅದಕ್ಕೇ ನಮ್ಮ ಭಾಗದ ಹಳೆ ಕಾರುಗಳನ್ನು ಮೇಲಿನ ಅಂದ ನೋಡಿ ಗುಜರಿಗೆ ಹಾಕುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಆದರೂ ಒಂದು ಷರತ್ತು ಹಾಕಿದ್ದೆ. ಹೆಡ್ ಬಿಚ್ಚಿದ ಮೇಲೆ ಅದರ ಕೆಳಗಿನ ಎಂಜಿನ್ ಬ್ಲಾಕ್ ಸೊಟ್ಟಗಾಗಿದ್ದರೆ ಅಥವಾ ಪಿಸ್ಟನ್ ಓಡುವ ಬೋರ್ ಸವೆದಿದ್ದರೆ ಅಲ್ಲಿಗೇ ನಿಲ್ಲಿಸಿ ಎಂದು. ಬಿಚ್ಚುವ ಕೂಲಿ ಹೋದರೂ ಪರವಾಗಿಲ್ಲ. ಬಿಚ್ಚಿ ನೋಡಿದರೆ ಬ್ಲಾಕ್ ಸರಿಯಿತ್ತು. ಹೆಡ್ ಸ್ವಲ್ಪ ಮಾತ್ರ ಬಾಗಿತ್ತು, ಲೇತ್ ಅಂಗಡಿಯಲ್ಲಿ ಉಜ್ಜಿಸಿ ಸಮತಟ್ಟು (ಫೇಸಿಂಗ್) ಮಾಡಿಸಿದರು. ಮುಂಚೆ ನೀಲಿ ಹೊಗೆಯೂ ಬರುತ್ತಿರಲಿಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಸುಡುತ್ತಿದೆ ಎಂದರ್ಥ.

ಕೊನೆಗೆ ಬಿಲ್ 49,500. ಹೆಡ್ ಕೆಲಸ, ಗ್ಯಾಸ್ಕೆಟ್ ಸೆಟ್ 11,200. ಹೊಸ ರೇಡಿಯೇಟರ್ 4,800. ವಾಟರ್ ಪಂಪ್, ಟೈಮಿಂಗ್ ಬೆಲ್ಟ್ 5,600. ಹೇಗೂ ಬಿಚ್ಚಿದ್ದೇವೆ ಎಂದು ಕ್ಲಚ್ ಸೆಟ್ 6,400, ಮುಂದಿನ ಶಾಕ್ ಅಬ್ಸಾರ್ಬರ್ ಮತ್ತು ಲೋವರ್ ಆರ್ಮ್ 9,000. ಎಣ್ಣೆ, ಕೂಲಂಟ್ 3,000. ಉಳಿದ 9,500 ಕೂಲಿ. ಕೆಲಸ ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಬೇಸಿಗೆ ರಜೆ ಇದ್ದದ್ದು ನಮ್ಮ ಪುಣ್ಯ.

ಮುಂದಿನ ದೊಡ್ಡ ಕೆಲಸ ಆರ್‌ಸಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದೆ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದ್ದಾರೆ. ಅವಧಿ ಮುಗಿಯುವ 60 ದಿನ ಮೊದಲೇ ಫಾರ್ಮ್ 25ರಲ್ಲಿ ಅರ್ಜಿ ಹಾಕಬಹುದು. ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ವಿಮೆ, ಹೊಗೆ ತಪಾಸಣೆ ಪತ್ರ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಎಲ್ಲ ಸರಿಯಿರಬೇಕು. ಹಸಿರು ತೆರಿಗೆ ಬೇರೆ. ನನಗೆ ಎಲ್ಲ ಸೇರಿ 7,000 ಆಯಿತು. ಹದಿನಾಲ್ಕನೇ ವರ್ಷದಲ್ಲಿ ದೊಡ್ಡ ರಿಪೇರಿ ಬಂದರೆ ಈ ಖರ್ಚನ್ನೂ ಆಗಲೇ ಸೇರಿಸಿ ಲೆಕ್ಕ ಹಾಕಿ. ನಾನು ಸೇರಿಸಿರಲಿಲ್ಲ.

ಆಮೇಲಿನ ಖರ್ಚು: ನಾಲ್ಕು ಟೈರು 15,200, ಬ್ಯಾಟರಿ 4,300, ಎಸಿ ಕಂಡೆನ್ಸರ್ ಮತ್ತು ಗ್ಯಾಸ್ 7,800. ಪೆಟ್ರೋಲ್, ವಿಮೆ ಬಿಟ್ಟು, ಆ ರಿಪೇರಿ ಮತ್ತು ಆರ್‌ಸಿ ಖರ್ಚೂ ಸೇರಿ ಇಪ್ಪತ್ತು ತಿಂಗಳಲ್ಲಿ ಒಟ್ಟು 83,800. ತಿಂಗಳಿಗೆ ಸುಮಾರು 4,200. ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ. ಆದರೂ ಹೊಸ ಕಾರಿನ ಕಂತಿನ ಮೂರನೇ ಒಂದು ಭಾಗದಷ್ಟು. ದಾರಿಯಲ್ಲಿ ಒಮ್ಮೆಯೂ ಕೈ ಕೊಟ್ಟಿಲ್ಲ.

ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಗ್ಗೆ ಹಲವರು ಕೇಳುತ್ತಾರೆ. ನಮ್ಮ ಕಾರನ್ನು ಶೇ 20ರ ಎಥನಾಲ್‌ಗೆ ಮಾಡಿದ್ದಲ್ಲ. ಲೀಟರಿಗೆ 15 ಕೊಡುತ್ತಿದ್ದದ್ದು ಈಗ 14ರ ಆಸುಪಾಸು. ಇಂಧನದ ಹಳೆ ರಬ್ಬರ್ ಪೈಪುಗಳನ್ನು ಮುಂಜಾಗ್ರತೆಗೆ ಬದಲಿಸಿದ್ದೇನೆ. ಪೆಟ್ರೋಲ್ ವಾಸನೆ ಬಂದರೆ ಒಂದು ದಿನವೂ ತಡ ಮಾಡಬೇಡಿ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಆಗ ಮನಸ್ಸು ಮತ್ತೆ ಅಲ್ಲಾಡಿತು. ಶೋರೂಮಿಗೆ ಹೋಗಿಯೂ ಬಂದೆ. ಬಿಡಿ ಭಾಗಗಳ ತೆರಿಗೆಯೂ 18ಕ್ಕೆ ಇಳಿದಿದೆ, ಹಾಗಾಗಿ ರಿಪೇರಿಯೂ ಅಷ್ಟು ಅಗ್ಗವಾಗಬೇಕು. ಸದ್ಯಕ್ಕೆ ತಡೆದಿದ್ದೇನೆ.

ಆದರೆ ಎಷ್ಟು ದುಡ್ಡು ಸುರಿದರೂ ಈ ಕಾರಿಗೆ ಸೇರಿಸಲಾಗದ್ದು ಒಂದಿದೆ. ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರ ಜುಲೈನಲ್ಲಿ. ಹೊಸಪೇಟೆ ಹೆದ್ದಾರಿಯಲ್ಲಿ ರಾತ್ರಿ ಅದಿರು ಲಾರಿಗಳ ನಡುವೆ ಮಗಳನ್ನು ಕೂರಿಸಿಕೊಂಡು ಓಡಿಸುವಾಗ ನನಗೆ ಭಯವಾಗುತ್ತದೆ. ಅದಕ್ಕೇ ರಾತ್ರಿ ಹೆದ್ದಾರಿ ಪ್ರಯಾಣ ಪೂರ್ತಿ ಬಿಟ್ಟಿದ್ದೇವೆ, ಬಸ್ಸು ಅಥವಾ ರೈಲು. ನಿಮ್ಮ ಓಡಾಟ ಮುಖ್ಯವಾಗಿ ಹೆದ್ದಾರಿಯಲ್ಲೇ ಆದರೆ ನಾನು ಹಾಕಿದ ಲೆಕ್ಕ ನಿಮಗೆ ಸರಿಹೋಗುವುದಿಲ್ಲ. ರಿಪೇರಿ ಅಗ್ಗವಾದರೂ ಮಾರಿಬಿಡಿ ಎಂದೇ ಹೇಳುತ್ತೇನೆ.

ಮಗಳು ಮುಂದಿನ ವರ್ಷ ಕಾಲೇಜಿಗೆ ಹುಬ್ಬಳ್ಳಿಗೆ ಹೋಗುತ್ತಾಳೆ. ಆಗ ತಿಂಗಳಿಗೆರಡು ಸಲ ಹೆದ್ದಾರಿ ಹಿಡಿಯಬೇಕಾಗುತ್ತದೆ. ಆ ದಿನಕ್ಕೆ ಈಗಿನಿಂದಲೇ ತಿಂಗಳಿಗೆ 8,000 ಬೇರೆ ಖಾತೆಗೆ ಹಾಕುತ್ತಿದ್ದೇನೆ. ಅಲ್ಲಿಯವರೆಗೆ ಕುರುಗೋಡು ದಾರಿಗೆ ಇದೇ ಕಾರು. ಈ ಬೇಸಿಗೆಗೆ ಮೊದಲು ರೇಡಿಯೇಟರಿನ ಮೇಲಿನ ಹೋಸ್ ಬದಲಿಸಬೇಕಿದೆ. ವಿಚಾರಿಸಿದ್ದೇನೆ, 650 ರೂಪಾಯಿ.