ಆರ್‌ಟಿಎಕ್ಸ್ 3060 12 ಜಿಬಿ: ಮಂಡ್ಯದ ಮೂರು ಬೇಸಿಗೆ ಕಂಡ ಕಾರ್ಡು

ಪಿಸಿಯಲ್ಲಿ ಆಟದ ಚಿತ್ರ ಮೂಡಿಸೋ ಈ ಗ್ರಾಫಿಕ್ಸ್ ಕಾರ್ಡಿನ ಕಥೆಯನ್ನ ಫ್ಯಾನಿನಿಂದಲೇ ಶುರು ಮಾಡಬೇಕು. ಆಟ ಆಡುವಾಗಿನ ಸದ್ದಿನ ಮಾತಲ್ಲ, ಅದು ಎಲ್ಲ ಕಾರ್ಡಿಗೂ ಇದ್ದದ್ದೇ. ಸುಮ್ಮನೆ ಬ್ರೌಸರ್ ತೆರೆದು ಕೂತಾಗ ಬರುತ್ತಲ್ಲ, ಆ ಸದ್ದು. ಬ್ರ್ಯಾಂಡಿನ ಹೆಸರು ಬೇಡ, ಎರಡು ಫ್ಯಾನಿನ ಮಾಮೂಲಿ ಮಾದರಿ. ಚಿಪ್ಪು 55 ಡಿಗ್ರಿ ಮುಟ್ಟುವ ತನಕ ಫ್ಯಾನ್ ತಿರುಗೋದೇ ಇಲ್ಲ. ಡಿಸೆಂಬರಿನಲ್ಲಿ ಇದು ವರ. ಯುಗಾದಿ ಕಳೀತು ಅಂದರೆ ಮಂಡ್ಯದಲ್ಲಿ ಮಧ್ಯಾಹ್ನದ ರೂಮೇ 34 ಡಿಗ್ರಿ, ತಾರಸಿ ಕೆಳಗಿನ ರೂಮಾದರೆ ಇನ್ನೂ ಒಂದೆರಡು ಜಾಸ್ತಿ. ಕೆಲಸವಿಲ್ಲದ ಕಾರ್ಡೇ 53ರಲ್ಲಿ ಕೂತಿರುತ್ತೆ. ಒಂದು ವಿಡಿಯೊ ಹಾಕಿದರೆ ಸಾಕು, ಗುರ್ರ್ ಅಂತ ಫ್ಯಾನ್ ಏಳುತ್ತೆ, ಅರ್ಧ ನಿಮಿಷಕ್ಕೆ ನಿಲ್ಲುತ್ತೆ, ಮತ್ತೆ ಗುರ್ರ್. ಇಡೀ ಮಧ್ಯಾಹ್ನ ಹೀಗೇ ಆದರೆ ಪಕ್ಕದಲ್ಲಿ ಕೂತವರಿಗೆ ತಲೆ ಕೆಡುತ್ತೆ. ಅದೂ ಅಲ್ಲದೆ ಪ್ರತಿ ಸಲ ನಿಂತಲ್ಲಿಂದ ಏಳೋದು ಬೇರಿಂಗಿಗೂ ಒಳ್ಳೇದಲ್ಲ.

ಇದಕ್ಕೆ ಮದ್ದಿದೆ, ಆದರೆ ಪೆಟ್ಟಿಗೆ ಜೊತೆ ಬರಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ತಂತ್ರಾಂಶ ಹಾಕಿಕೊಳ್ಳಿ, ಯಾವ ಬ್ರ್ಯಾಂಡಿನ ಕಾರ್ಡಿಗಾದರೂ ನಡೆಯುತ್ತೆ. ಸೆಟ್ಟಿಂಗ್ಸಿನ ಫ್ಯಾನ್ ಟ್ಯಾಬಿನಲ್ಲಿ ಸ್ವಂತ ಕರ್ವ್‌ಗೆ (ಎಷ್ಟು ಬಿಸಿಗೆ ಎಷ್ಟು ವೇಗ ಅನ್ನೋ ಗೆರೆ) ಟಿಕ್ ಹಾಕಿ, 50 ಡಿಗ್ರಿವರೆಗೂ ಸಮತಟ್ಟಾಗಿ 35 ಪರ್ಸೆಂಟ್, 65ಕ್ಕೆ 50, 75ಕ್ಕೆ 70. ಕೆಳಗಿನ ಹಿಸ್ಟೆರಿಸಿಸ್ ಅನ್ನೋ ಖಾನೆಯಲ್ಲಿ 5 ಹಾಕಿ. ಹಾಗೆ ಮಾಡಿದರೆ ಏರಿದ ಫ್ಯಾನ್, ಬಿಸಿ ಐದು ಡಿಗ್ರಿ ಇಳಿಯೋವರೆಗೂ ವೇಗ ಇಳಿಸಲ್ಲ. 30 ಪರ್ಸೆಂಟಿಗಿಂತ ಕೆಳಗೆ ಎಳೆದರೆ ಕಾರ್ಡ್ ಮಾತು ಕೇಳಲ್ಲ, ಒಂದೋ ನಿಲ್ಲುತ್ತೆ, ಇಲ್ಲ 30ಕ್ಕೇ ತಿರುಗುತ್ತೆ. 35ರಲ್ಲಿ ಒಂದೇ ಸಮ ತಿರುಗುವ ಫ್ಯಾನಿನ ಸದ್ದು ಮೇಲಿನ ಸೀಲಿಂಗ್ ಫ್ಯಾನಿನ ಸದ್ದಿನೊಳಗೆ ಕಳೆದೇ ಹೋಗುತ್ತೆ.

ಇಷ್ಟು ರಗಳೆ ಇರೋ ಕಾರ್ಡನ್ನೇ ಯಾಕೆ ಆರಿಸಬೇಕು? ಸೈಬರ್‌ಪಂಕ್ 2077 ಆಡೋಕೆ. 2020ರ ಡಿಸೆಂಬರಿನಲ್ಲಿ ಬಂದ ಆಟ 2023ರ 2.0 ಅಪ್‌ಡೇಟ್ ಹೊತ್ತಿಗೆ ಇನ್ನೂ ಭಾರ ಆಯ್ತು. 1080ಪಿಯಲ್ಲಿ ಹೈ ಸೆಟ್ಟಿಂಗಿಗೆ ಆಟದ ಕಂಪನಿಯೇ ಹೇಳೋದು 2060 ಸೂಪರ್ ಕಾರ್ಡು, 70 ಜಿಬಿ ಜಾಗ, ಅದೂ ಎಸ್‌ಎಸ್‌ಡಿಯಲ್ಲೇ. 3060 ಅದಕ್ಕಿಂತ ಒಂದು ಕೈ ಮೇಲು, ಜೊತೆಗೆ 12 ಜಿಬಿ ಮೆಮೊರಿ. ಎಎಂಡಿಯ ಆರ್‌ಎಕ್ಸ್ 6600 ತಿನ್ನೋದು 132 ವ್ಯಾಟ್ ಮಾತ್ರ, ರೇ ಟ್ರೇಸಿಂಗ್ (ಬೆಳಕು-ನೆರಳನ್ನ ನಿಜದ ಹಾಗೆ ಲೆಕ್ಕ ಹಾಕೋದು) ಬೇಡ ಅನ್ನೋರಿಗೆ ಅದೇ ಬುದ್ಧಿವಂತ ಆಯ್ಕೆ. 4060 ಇನ್ನೂ ತಣ್ಣಗಿನದು, 115 ವ್ಯಾಟ್. ಆದರೆ ಅದರಲ್ಲಿ ಇರೋದು 8 ಜಿಬಿ, ಮದರ್‌ಬೋರ್ಡಿನ ಜೊತೆ ಮಾತಾಡೋದು ಎಂಟೇ ಲೇನಿನಲ್ಲಿ (ಮಾಹಿತಿ ಓಡೋ ದಾರಿ). ಬಿ450 ಥರದ ಹಳೇ ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡಿನವರಿಗೆ ಇದು ಲೆಕ್ಕಕ್ಕೆ ಬರುತ್ತೆ: ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) 8 ಜಿಬಿ ತುಂಬಿ ಹೊರಗೆ ಚೆಲ್ಲಿದಾಗ ಆ ಸಣ್ಣ ದಾರಿಯಲ್ಲೇ ರ‍್ಯಾಮಿಗೆ ಓಡಾಡಬೇಕು, ಆಗ ಚಿತ್ರ ತಡವರಿಸುತ್ತೆ. 3060ಕ್ಕೆ ಹದಿನಾರು ಲೇನ್. ಅಂಗಡಿಯಲ್ಲಿ ಒಂದು ಎಚ್ಚರ: 3060 ಹೆಸರಲ್ಲೇ 8 ಜಿಬಿಯ ಇನ್ನೊಂದು ಕಾರ್ಡಿದೆ, 192 ಬಿಟ್ಟಿನ ಬದಲು 128 ಬಿಟ್ಟಿನ ಬಸ್ಸು (ಮೆಮೊರಿಗೆ ಹೋಗೋ ದಾರಿಯ ಅಗಲ). ಹೆಸರು ನೋಡಿ ದುಡ್ಡು ಕೊಟ್ಟರೆ ಕೆಟ್ಟಿರಿ.

ಇನ್ನು ವ್ಯಾಟಿನ ಲೆಕ್ಕ. ಇದನ್ನ ಯಾವ ಯೂಟ್ಯೂಬಿನವರೂ ನಮ್ಮ ಊರಿನ ಕಣ್ಣಲ್ಲಿ ಹೇಳಲ್ಲ. ಈ ಕಾರ್ಡು 170 ವ್ಯಾಟಿನದು. ಆಟದ ಹೊತ್ತಲ್ಲಿ ಇಡೀ ಪಿಸಿ ಸುಮಾರು 300 ವ್ಯಾಟ್ ಅಂತಿಟ್ಟುಕೊಳ್ಳಿ, ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 27 ಯೂನಿಟ್. ಗೃಹಜ್ಯೋತಿ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ನಿಮ್ಮ ಮಿತಿ ಹಿಂದಿನ ಸರಾಸರಿಗಿಂತ ಸ್ವಲ್ಪವೇ ಮೇಲೆ, ಅದನ್ನು ದಾಟಿದ ಯೂನಿಟ್ಟಿಗೆಲ್ಲ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಆಮೇಲೆ ಅಮ್ಮನಿಗೆ ‘ಸೊನ್ನೆ ಬಿಲ್ಲು ಯಾಕೆ ಬರ್ತಿಲ್ಲ’ ಅಂತ ವಿವರಿಸೋ ಕೆಲಸ ಬೇರೆ.

ಯುಪಿಎಸ್ಸಿನ ಕಥೆಯೂ ಇದೇ ಲೆಕ್ಕದ್ದು. ಅಂಗಡಿಯವರು ಕೊಡೋ 600 ವಿಎ ಯುಪಿಎಸ್ ನಿಜವಾಗಿ ಹೊರೋದು 360 ವ್ಯಾಟ್. ಪವರ್ ಸಪ್ಲೈ ತಿನ್ನೋದು, ಮಾನಿಟರು, ಕಾರ್ಡಿನ ಕ್ಷಣಕಾಲದ ನೆಗೆತ ಎಲ್ಲ ಸೇರಿದರೆ ಅಂಚಿಗೆ ಬಂದಿರುತ್ತೆ. ಕರೆಂಟ್ ಹೋದ ಕೂಡಲೆ ಒಂದು ಕೀಂ ಅಂದು ಎಲ್ಲ ಆಫ್. ಮನೆಯ ಇನ್ವರ್ಟರನ್ನೇ ನಂಬಿದವರು ಅದರ ಬೆನ್ನಿನ ಸ್ವಿಚ್ಚು ನೋಡಿ: ಎಕೋದಲ್ಲಿದ್ದರೆ ಬದಲಾಗೋದು ನಿಧಾನ, ಪಿಸಿ ರೀಸ್ಟಾರ್ಟ್ ಆಗುತ್ತೆ. ಯುಪಿಎಸ್ ಮೋಡಿಗೆ ಹಾಕಬೇಕು. ಆದರೆ ಸಂಜೆ ಹೊತ್ತು ವೋಲ್ಟೇಜ್ 180ರ ಆಸುಪಾಸಿಗೆ ಬೀಳೋ ಬೀದಿಗಳಲ್ಲಿ ಆ ಮೋಡು ಸುಮ್ಮಸುಮ್ಮನೆ ಬ್ಯಾಟರಿಗೆ ಹಾರುತ್ತೆ. ಅಂಥ ಕಡೆ ಆಟಕ್ಕೆ ಕೂರೋ ಮುಂಚೆ ಯುಪಿಎಸ್, ಎದ್ದ ಮೇಲೆ ಎಕೋ, ದೀಪ ಹಚ್ಚಿದಷ್ಟೇ ನಿಯಮವಾಗಿ.

ಈ ಕಾರ್ಡಿನ ಮೇಲಿನ ಸಿಟ್ಟು ಇಳಿಯೋದು ಅಂಡರ್‌ವೋಲ್ಟ್ (ಚಿಪ್ಪಿಗೆ ಹೋಗೋ ವೋಲ್ಟ್ ಇಳಿಸೋದು) ಮಾಡಿದ ದಿನ. ಅರ್ಧ ಗಂಟೆ ಕೆಲಸ. ಮೊದಲು ಆಟದೊಳಗಿನ ಬೆಂಚ್‌ಮಾರ್ಕ್ (ವೇಗ ಅಳೆಯೋ ಪರೀಕ್ಷೆ) ಓಡಿಸಿ ಕಾರ್ಡು ಎಷ್ಟು ಮೆಗಾಹರ್ಟ್ಸಿಗೆ ಎಷ್ಟು ವೋಲ್ಟ್ ಎಳೀತಿದೆ ಬರೆದಿಟ್ಟುಕೊಳ್ಳಿ. 1900ರ ಆಸುಪಾಸು, 1 ವೋಲ್ಟಿನ ಮೇಲೆ ಇರುತ್ತೆ. ಆಫ್ಟರ್‌ಬರ್ನರಿನಲ್ಲಿ ಕೋರ್ ಕ್ಲಾಕ್ ಮೈನಸ್ 300ಕ್ಕೆ ಎಳೆದು ಅಪ್ಲೈ ಕೊಡಿ. ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ ಚುಕ್ಕಿಗಳ ಗೆರೆ ತೆರೆಯುತ್ತೆ. 900 ಮಿಲಿವೋಲ್ಟಿನ ನೇರಕ್ಕಿರೋ ಒಂದೇ ಚುಕ್ಕಿಯನ್ನು ಹಿಡಿದು 1830ಕ್ಕೆ ಎತ್ತಿ ಮತ್ತೆ ಅಪ್ಲೈ. ಬಲಗಡೆಯ ಚುಕ್ಕಿಗಳೆಲ್ಲ ಒಂದೇ ಮಟ್ಟಕ್ಕೆ ಬಂದು ಮಲಗಬೇಕು. ಅಲ್ಲೊಂದು ಚುಕ್ಕಿ ತಲೆ ಎತ್ತಿಕೊಂಡಿದ್ದರೂ ಕಾರ್ಡು ಆ ವೋಲ್ಟಿಗೇ ಹಾರುತ್ತೆ, ಮಾಡಿದ್ದೆಲ್ಲ ನೀರಿಗೆ. ಬಹಳ ಜನ ಎಡವೋದು ಇಲ್ಲೇ. ಮೊದಲಿಗೆ ಎಳೆದಿದ್ದು ಸಾಲದಿದ್ದರೆ 300ರ ಬದಲು 350 ಎಳೆಯಿರಿ.

ಪರೀಕ್ಷೆಗೆ ಬೆಂಚ್‌ಮಾರ್ಕ್ ಒಂದನ್ನೇ ನಂಬಬೇಡಿ. ರೇ ಟ್ರೇಸಿಂಗ್ ಆನ್ ಮಾಡಿ ಫ್ಯಾಂಟಮ್ ಲಿಬರ್ಟಿ ವಿಸ್ತರಣೆಯಲ್ಲಿ ಬರೋ ಡಾಗ್‌ಟೌನಿನ ಸಂತೆಯಲ್ಲಿ ಅರ್ಧ ಗಂಟೆ ಸುತ್ತಿ. ವೋಲ್ಟ್ ಕಮ್ಮಿಯಾದ ಕಾರ್ಡು ಮೊದಲು ಕೈಕೊಡೋದು ರೇ ಟ್ರೇಸಿಂಗಿನಲ್ಲೇ, ಆಟ ಸದ್ದಿಲ್ಲದೆ ಡೆಸ್ಕ್‌ಟಾಪಿಗೆ ಬೀಳುತ್ತೆ. ಹಾಗಾದರೆ 15 ಮೆಗಾಹರ್ಟ್ಸ್ ಇಳಿಸಿ ಮತ್ತೆ ನೋಡಿ. ಎರಡು ಸಲ ಇಳಿಸಿದ ಮೇಲೆ ಈ ಕಾರ್ಡು 1800ರಲ್ಲಿ ನಿಂತಿತು. 170ರ ಜಾಗದಲ್ಲಿ 130 ವ್ಯಾಟ್ ಆಸುಪಾಸು, ಏಪ್ರಿಲಿನಲ್ಲಿ 77 ತೋರಿಸ್ತಿದ್ದ ಡಿಗ್ರಿ 69. ಫ್ರೇಮು ಎರಡೋ ಮೂರೋ ಹೋಗಿರಬಹುದು, ಕಣ್ಣಿಗೆ ಕಾಣಲ್ಲ. ಅದೇ 600 ವಿಎ ಯುಪಿಎಸ್ ಈಗ ಎರಡು ನಿಮಿಷ ಹಿಡಿದು ನಿಲ್ಲುತ್ತೆ, ಸೇವ್ ಮಾಡಿ ಮುಚ್ಚೋಕೆ ಅಷ್ಟು ಸಾಕು. ಸಾವಿರಾರು ರೂಪಾಯಿಯ ಹೊಸ ಯುಪಿಎಸ್ ತಪ್ಪಿಸಿದ್ದು ಒಂದು ಚುಕ್ಕಿ.

ಆಟದೊಳಗೆ: ಹೈ ಸೆಟ್ಟಿಂಗ್, ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರ ಬರೆದು ಎಐನಿಂದ ದೊಡ್ಡದು ಮಾಡೋ ವಿಧಾನ) ಕ್ವಾಲಿಟಿಯಲ್ಲಿ, ಸೆಕೆಂಡಿಗೆ 60 ಫ್ರೇಮಿಗೆ ಮಿತಿ. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನನ್ನು (ನೀರು, ಗಾಜಿನ ಪ್ರತಿಬಿಂಬ) ಅತಿ ಮೇಲಿನ ಸೈಕೊ ಮಟ್ಟದಲ್ಲಿ ಇಡಬೇಡಿ, ಅದೊಂದೇ ಕಾರ್ಡಿನ ಬೆನ್ನು ಮುರಿಯುತ್ತೆ. ಜನಸಂದಣಿಯ ಸೆಟ್ಟಿಂಗ್ ಪ್ರೊಸೆಸರಿನ ತಲೆನೋವು, ಕಾರ್ಡಿನದಲ್ಲ. ಹಳೇ ರೈಜನ್ ಪ್ರೊಸೆಸರ್ ಇದ್ದರೆ ಮೀಡಿಯಂ. ಟೆಕ್ಸ್ಚರ್ ಹೈನಲ್ಲೇ ಇರಲಿ, 12 ಜಿಬಿ ಇರೋದೇ ಅದಕ್ಕೆ. ಅದನ್ನು ಬದಲಿಸೋದು ಮುಖ್ಯ ಮೆನುವಿನಿಂದ ಮಾತ್ರ, ಆಟದ ಮಧ್ಯೆ ಹುಡುಕಿ ಸುಸ್ತಾಗಬೇಡಿ. ಪಾತ್ ಟ್ರೇಸಿಂಗ್ (ರೇ ಟ್ರೇಸಿಂಗಿನ ಅತಿ ಭಾರದ ರೂಪ) ಕಡೆ ತಿರುಗಿ ನೋಡೋದೂ ಬೇಡ, ಅದಕ್ಕೆ ಕಂಪನಿ ಹೇಳಿರೋದು 4080. 2025ರ ಜನವರಿಯಲ್ಲಿ ಬಂದ ಡಿಎಲ್‌ಎಸ್‌ಎಸ್ಸಿನ ಹೊಸ ‘ಟ್ರಾನ್ಸ್‌ಫಾರ್ಮರ್’ ಎಐ ಮಾದರಿ ಈ ಹಳೇ ಕಾರ್ಡಿಗೂ ಸಿಕ್ಕಿತು. ಮಂಡ್ಯದವರಿಗೆ ಟ್ರಾನ್ಸ್‌ಫಾರ್ಮರ್ ಅಂದರೆ ಟಿಸಿ, ಅದು ಸುಟ್ಟುಹೋಗೋದೇ ಸುದ್ದಿ. ಇದು ಕೆಲಸ ಮಾಡುತ್ತೆ: ದೂರದ ತಂತಿ, ಜಾಲರಿ, ಓಡೋ ಕಾರಿನ ಹಿಂದಿನ ಮಸುಕು, ಎಲ್ಲ ಒಂದು ಮಟ್ಟ ಚೊಕ್ಕ. ಮೂರು ವರ್ಷದ ಕಾರ್ಡಿಗೆ ಪುಕ್ಕಟೆ ಸಿಕ್ಕ ಕನ್ನಡಕ.

ಧೂಳಿನ ಮಾತು. ಆಲೆಮನೆ ಹತ್ತಿರದ ಮನೆಗಳಲ್ಲಿ ಬರೀ ಧೂಳಲ್ಲ, ಉರಿದ ಕಬ್ಬಿನ ಸಿಪ್ಪೆಯ ನುಣ್ಣನೆ ಬೂದಿ ಮತ್ತು ಮಸಿ. ಅದು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಪದರ ಕಟ್ಟುತ್ತೆ, ಬರೀ ಗಾಳಿಗೆ ಹೋಗಲ್ಲ. ತಿಂಗಳಿಗೊಮ್ಮೆ ಕಾರ್ಡು ಬಿಚ್ಚಿ, ಮೆತ್ತನೆ ಪೇಂಟ್ ಬ್ರಷ್‌ನಿಂದ ಸಡಿಲಿಸಿ, ಆಮೇಲೆ ಬ್ಲೋವರ್. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಅಳತೆ ಮೀರಿದ ವೇಗಕ್ಕೆ ಬೇರಿಂಗ್ ಹೋಗುತ್ತೆ.

ಎರಡೂವರೆ ವರ್ಷಕ್ಕೆ ಹಾಟ್ ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಮತ್ತು ಚಿಪ್ಪಿನ ಸಾಮಾನ್ಯ ಬಿಸಿಯ ನಡುವಿನ ಅಂತರ 13ರಿಂದ 24 ಡಿಗ್ರಿಗೆ ಏರಿತು. ಚಿಪ್ಪಿಗೂ ಕೂಲರಿಗೂ ನಡುವೆ ಬಿಸಿ ದಾಟಿಸೋ ಪೇಸ್ಟ್ ಒಣಗಿದ ಲಕ್ಷಣ ಅದು. ಚಿಪ್ಪಿನ ಸುತ್ತಲಿನ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪ ಸಡಿಲಿಸಿ, ಕೂಲರ್ ಎತ್ತುವ ಮುಂಚೆ ಫ್ಯಾನಿನ ಸಣ್ಣ ವೈರು ಬಿಡಿಸಿ. ಎಳೆದರೆ ಸಾಕೆಟ್ಟೇ ಕಿತ್ತು ಬರುತ್ತೆ. ಮೆಮೊರಿ ಮೇಲಿನ ಹಳೇ ಥರ್ಮಲ್ ಪ್ಯಾಡು ಹರಿದಿಲ್ಲದಿದ್ದರೆ ಮುಟ್ಟಬೇಡಿ. ಅಳತೆ ಗೊತ್ತಿಲ್ಲದೆ ದಪ್ಪನೆಯದು ಹಾಕಿದರೆ ಕೂಲರು ಪ್ಯಾಡಿನ ಮೇಲೆ ನಿಂತುಬಿಡುತ್ತೆ, ಚಿಪ್ಪಿಗೆ ತಾಗೋದೇ ಇಲ್ಲ. ಪೇಸ್ಟನ್ನು ಚಿಪ್ಪಿನ ಮೂಲೆಮೂಲೆಗೂ ತೆಳ್ಳಗೆ ಸವರಿ. ಅಂತರ ಮತ್ತೆ 13ಕ್ಕೆ ಬಂತು.

ಈಗ ಸೆಕೆಂಡ್ ಹ್ಯಾಂಡ್ ಕೊಳ್ಳೋರು ಜಾಸ್ತಿ. ಮೈಸೂರಿನ ಅಂಗಡಿಯಾಗಲಿ, ಬೆಂಗಳೂರಿನ ಎಸ್.ಪಿ. ರೋಡಾಗಲಿ, ಕಾರ್ಡಿನ ವಿವರ ತೋರಿಸೋ ಜಿಪಿಯು-ಝಡ್ ತಂತ್ರಾಂಶ ತೆರೆಸಿ 12 ಜಿಬಿ, 192 ಬಿಟ್ ಎರಡೂ ನೋಡಿ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಅನ್ನೋ ಕ್ರಿಪ್ಟೋ ನಾಣ್ಯದ ಮೈನಿಂಗ್ (ಕಾರ್ಡುಗಳನ್ನ ಹಗಲು ರಾತ್ರಿ ಓಡಿಸಿ ನಾಣ್ಯ ಗಳಿಸೋದು) ನಿಂತ ಮೇಲೆ ಮಾರುಕಟ್ಟೆಗೆ ಬಂದ ಕಾರ್ಡುಗಳಲ್ಲಿ ಎಷ್ಟೋ ಸಲ ಪ್ಯಾಡಿನ ಎಣ್ಣೆ ಬೋರ್ಡಿಗೆ ಇಳಿದಿರುತ್ತೆ, ಹಿಂಬದಿ ಮುಟ್ಟಿದರೆ ಬೆರಳು ಜಿಡ್ಡಾಗುತ್ತೆ. ಇಪ್ಪತ್ತು ನಿಮಿಷ ಓಡಿಸಿ ತೋರಿಸೋಕೆ ಹಿಂದೆಮುಂದೆ ನೋಡೋ ಅಂಗಡಿಯಿಂದ ಎದ್ದು ಬನ್ನಿ. ಓಡಿಸಿದರೆ, ಸ್ಕ್ರೀನ್ ನೋಡೋದನ್ನ ಅವರಿಗೆ ಬಿಟ್ಟು ನೀವು ಕಿವಿಯನ್ನ ಫ್ಯಾನಿನ ಹತ್ತಿರ ಇಡಿ.