ಎಂಟು ಕಂತಿನ ಊರು, ಎರಡು ತಾಸಿನ ಊರು

ಹಿಂದಿ ಸಿನಿಮಾ 'ಲಾಪತಾ ಲೇಡೀಸ್' ಮುಗಿಯಲು ಎರಡು ತಾಸು ಸಾಕು. 2020ರಲ್ಲಿ ಶುರುವಾದ ಹಿಂದಿ ಸೀರೀಸ್ 'ಪಂಚಾಯತ್' ನಾಲ್ಕು ಸೀಸನ್ ದಾಟಿದರೂ ಮುಗಿದಿಲ್ಲ, ಐದನೆಯದನ್ನೂ ಘೋಷಿಸಿದ್ದಾರೆ. ಎರಡರ ಚಿತ್ರೀಕರಣವೂ ನಡೆದದ್ದು ಮಧ್ಯಪ್ರದೇಶದ ಸೀಹೋರ್ ಜಿಲ್ಲೆಯ ಹಳ್ಳಿಗಳಲ್ಲಿ. ಒಂದೇ ಸೀಮೆಯ ಮಣ್ಣು, ಒಂದೇ ಬಗೆಯ ಓಣಿ; ಒಂದು ಸಿನಿಮಾ ಆಯಿತು, ಇನ್ನೊಂದು ಸೀರೀಸ್ ಆಯಿತು. ಹಾಗಾಗಿ ಇವೆರಡನ್ನು ಎದುರುಬದುರು ಕೂರಿಸಿ ಜಗಳ ಆಡುವುದು ನಮ್ಮ ಮನೆಯಲ್ಲಿ ಬಹಳ ಸಲೀಸು. ಅವ್ವ ಸಿನಿಮಾದ ಕಡೆ, ಕಾಕಾ ಸೀರೀಸಿನ ಕಡೆ. ನಾನು ಎರಡನ್ನೂ ಮತ್ತೆ ಮತ್ತೆ ನೋಡಿದವನು, ಕೊನೆಗೆ ಅವ್ವನ ಕಡೆಗೇ ವಾಲಿದವನು. ಹಿಂದಿಯವರು ಸಣ್ಣ ಊರಿನ ಕಥೆ ಹೇಳುವುದನ್ನು ಈಚೆಗೆ ಚೆನ್ನಾಗಿ ಕಲಿತಿದ್ದಾರೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಮಾತ್ರ ಸಿನಿಮಾದವರಿಗೆ ಗೊತ್ತು, ಸೀರೀಸಿನವರಿಗೆ ಗೊತ್ತಿಲ್ಲ.

ಮೊದಲು ಕಾಕಾನ ಪಕ್ಷ ಕೇಳೋಣ. ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ನಮ್ಮೂರಲ್ಲಿ ಅವರು ಒಂದು ಅವಧಿ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದವರು. ನಾವೆಲ್ಲ ಸೀರೀಸಿನ ಪಂಚಾಯಿತಿ ಕಾರ್ಯದರ್ಶಿ ಅಭಿಷೇಕ್ ತ್ರಿಪಾಠಿಯ ಮುಖ ನೋಡುತ್ತಿದ್ದರೆ ಅವರು ಅವನ ಮೇಜಿನ ಮೇಲಿನ ರಿಜಿಸ್ಟರ್ ನೋಡುತ್ತಾರೆ. ಮೊದಲ ಸೀಸನ್ನಿನ ಎಂಟು ಕಂತಿನಲ್ಲಿ ಆಗುವುದಾದರೂ ಏನು? ಸೋಲಾರ್ ದೀಪ ಯಾರ ಮನೆ ಮುಂದೆ ನಿಲ್ಲಬೇಕು, ಕಚೇರಿಯ ಮಾನಿಟರ್ ಯಾರು ಕದ್ದರು, ಕಾರ್ಯದರ್ಶಿ ತನಗೊಂದು ಚಕ್ರದ ಕುರ್ಚಿ ತಂದುಕೊಂಡರೆ ಪ್ರಧಾನರ (ಅಲ್ಲಿನ ಪಂಚಾಯಿತಿ ಅಧ್ಯಕ್ಷರ) ಮುಖ ಯಾಕೆ ಸಣ್ಣದಾಯಿತು, ಇಷ್ಟೇ. ಕುರ್ಚಿಯ ಕಂತು ಬಂದಾಗ ಕಾಕಾ ತೊಡೆ ತಟ್ಟಿ ನಕ್ಕರು. "ಇದು ಖರೇ ಅದ ನೋಡು. ಕುರ್ಚಿ ಸಲುವಾಗೇ ನಮ್ಮಲ್ಲಿ ಮೀಟಿಂಗ್ ಬರ್ಖಾಸ್ತ್ ಆಗ್ಯಾವ" ಅಂದರು. ಎರಡು ತಾಸಿನ ಸಿನಿಮಾದಲ್ಲಿ ಒಂದು ಕುರ್ಚಿಗೆ ಅರ್ಧ ತಾಸು ಕೊಡಲು ಯಾರಿಗೂ ಆಗುವುದಿಲ್ಲ. ಸೀರೀಸಿನ ನಿಜವಾದ ಬಲ ಅಲ್ಲಿದೆ, ಅದನ್ನು ನಾನೂ ಒಪ್ಪುತ್ತೇನೆ.

ಆ ಸೀಸನ್ನಿನ ಕೊನೆಯ ಕಂತಿನಲ್ಲಿ ಪ್ರಧಾನರ ಹೆಂಡತಿ ಮಂಜುದೇವಿ ಧ್ವಜ ಹಾರಿಸಬೇಕಾಗುತ್ತದೆ. ಹೆಸರಿಗೆ ಪ್ರಧಾನಳು ಅವಳೇ, ಕುರ್ಚಿಯಲ್ಲಿ ಕೂರುವವನು ಗಂಡ. ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಿರುವ ನಮ್ಮ ರಾಜ್ಯದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ಅಧ್ಯಕ್ಷರ ಯಜಮಾನ್ರು ಬಂದಾರ, ಚಾ ತರ್ರಿ" ಅನ್ನುವ ಮಾತು ಕೇಳದ ಪಂಚಾಯಿತಿ ಕಚೇರಿ ನಮ್ಮ ಕಡೆ ಎಷ್ಟಿವೆಯೋ. ಮಂಜುದೇವಿಯಾಗಿ ನೀನಾ ಗುಪ್ತಾ ರಾಷ್ಟ್ರಗೀತೆಯನ್ನು ಬಾಯಿಪಾಠ ಮಾಡುವ ದೃಶ್ಯದಲ್ಲಿ ನಗೆಯೂ ಇದೆ, ನಾಚಿಕೆಯೂ ಇದೆ. ಕಥೆ ಅಲ್ಲಿಗೇ ನಿಂತಿದ್ದರೆ ಪಂಚಾಯತ್ ಬಗ್ಗೆ ನನಗೆ ತಕರಾರೇ ಇರುತ್ತಿರಲಿಲ್ಲ.

ನಿಲ್ಲಲಿಲ್ಲ. ಎರಡನೇ ಸೀಸನ್ ಕೊನೆಗೆ ಉಪಪ್ರಧಾನ ಪ್ರಹ್ಲಾದನ ಸೈನಿಕ ಮಗ ತೀರಿಕೊಂಡಾಗ ಪ್ರಹ್ಲಾದನಾಗಿ ಫೈಸಲ್ ಮಲಿಕ್ ಆ ದುಃಖವನ್ನು ಹೊತ್ತ ರೀತಿ ನೋಡಿ ಇನ್ನೂ ಒಂದು ಸೀಸನ್ ನೋಡಬೇಕು ಅನ್ನಿಸಿದ್ದು ಹೌದು. ಆದರೆ 2024ರ ಮೂರನೇ ಸೀಸನ್ ಹೊತ್ತಿಗೆ ಬಂದೂಕು ಬಂತು, ಶಾಸಕ ಬಂದ, ಬಡಿದಾಟ ಬಂತು. 2025ರ ಜೂನಿನಲ್ಲಿ ಬಂದ ನಾಲ್ಕನೆಯದರಲ್ಲಿ ಬರೀ ಚುನಾವಣೆ: ಒಂದು ಕಡೆ ಸೋರೆಕಾಯಿ ಗುರುತು, ಇನ್ನೊಂದು ಕಡೆ ಕುಕ್ಕರ್. ಮೊದಲು ಸಣ್ಣ ಸಂಗತಿ ದೊಡ್ಡದಾಗಿ ಕಾಣುತ್ತಿತ್ತು. ಈಗ ದೊಡ್ಡ ಸಂಗತಿ ತಂದು ಸುರಿದರೂ ಊರು ಸಣ್ಣದಾಗಿ ಕಾಣುತ್ತದೆ.

ಕಾಕಾ ಮಾತ್ರ ಈ ನಾಲ್ಕನೆಯದನ್ನೂ ಬಿಟ್ಟುಕೊಡುವುದಿಲ್ಲ. ಅವರ ಬೇಸರವೇ ಬೇರೆ. ಉತ್ತರ ಪ್ರದೇಶದಲ್ಲಿ ಪ್ರಧಾನರನ್ನು ಊರವರೇ ನೇರವಾಗಿ ಆರಿಸುತ್ತಾರೆ. ನಮ್ಮಲ್ಲಿ ಸುಮಾರು ನಾನೂರು ಜನಕ್ಕೊಬ್ಬ ಸದಸ್ಯ, ಆ ಸದಸ್ಯರು ಸೇರಿ ತಮ್ಮೊಳಗಿನಿಂದ ಅಧ್ಯಕ್ಷರನ್ನು ಆರಿಸಬೇಕು. ಅಂದರೆ ಪಂಚಾಯತ್‌ನ ಊರಾದ ಫುಲೇರಾದಲ್ಲಿ ಮತ ಎಣಿಸಿದ ಕೂಡಲೇ ಕಥೆ ಮುಗಿಯುತ್ತದೆ, ನಮ್ಮಲ್ಲಿ ಎಣಿಸಿದ ಮೇಲೆ ಶುರುವಾಗುತ್ತದೆ. ಗೆದ್ದವರನ್ನು ಕ್ರೂಸರ್ ಗಾಡಿಯಲ್ಲಿ ತುಂಬಿ ತಿರುಪತಿ, ಶಿರಡಿ ಸುತ್ತಿಸಿ, ಅಧ್ಯಕ್ಷರ ಆಯ್ಕೆಯ ದಿನ ಬೆಳಿಗ್ಗೆ ನೇರ ಕಚೇರಿಗೆ ತಂದು ಇಳಿಸುವುದು. ಎರಡೂವರೆ ವರ್ಷಕ್ಕೆ ಮೀಸಲಾತಿ ಬದಲಾದಾಗ ಇನ್ನೊಮ್ಮೆ ಅದೇ ಯಾತ್ರೆ. "ಆ ಗಾಡಿಯೊಳಗ ಕ್ಯಾಮೆರಾ ಇಟ್ರ ಐದು ಸೀಸನ್ ಆಗ್ತಾವ, ಬಂದೂಕು ಬೇಕಾಗಿಲ್ಲ" ಅನ್ನುತ್ತಾರೆ ಕಾಕಾ. ಕನ್ನಡದಲ್ಲಿ ಯಾರಾದರೂ ಬರೆಯುವವರಿದ್ದರೆ ಇದನ್ನು ಪುಕ್ಕಟೆ ತೆಗೆದುಕೊಳ್ಳಬಹುದು.

ಪಂಚಾಯತ್ ತೆಲುಗಿಗೂ ಹೋಗಿದೆ. 2025ರ ಜನವರಿಯಲ್ಲಿ ಬಂದ 'ಶಿವರಪಲ್ಲಿ' ತೆಲಂಗಾಣದ ಹಳ್ಳಿಯ ಕಥೆ. ಸೇಡಂ ದಾಟಿದರೆ ತೆಲಂಗಾಣ, ನಮ್ಮೂರಲ್ಲಿ ಅರ್ಧ ಜನಕ್ಕೆ ತೆಲುಗು ಬರುತ್ತದೆ. ಹಾಗಾಗಿ ಇದು ಹಿಂದಿಗಿಂತ ಹತ್ತಿರ ಆಗಬೇಕಿತ್ತು. ಆ ಕಡೆಯ ಮಾತಿನ ಧಾಟಿ, ಸರಪಂಚಳ ಗಂಡನಾಗಿ ಮುರಳೀಧರ್ ಗೌಡ್, ಎರಡೂ ಸೊಗಸಾಗಿವೆ. ಆದರೆ ದೃಶ್ಯಗಳು ಹೆಚ್ಚೂಕಡಿಮೆ ಹಿಂದಿಯವೇ, ಅದೇ ಸಾಲಿನಲ್ಲಿ. ಮನೆ ಬದಲಾಗಿ ಮನೆಯೊಳಗಿನ ಜಗಳ ಬದಲಾಗದಿದ್ದರೆ ನೋಡುವವನಿಗೆ ಏನು ಸಿಕ್ಕೀತು? ಹಿಂದಿಯದನ್ನು ನೋಡದವರಿಗೆ ಅಡ್ಡಿಯಿಲ್ಲ. ನೋಡಿದವರು ಮೊದಲೆರಡು ಕಂತಿಗೇ ಎದ್ದು ಹೋಗುತ್ತಾರೆ.

ಇನ್ನು ಅವ್ವನ ಲಾಪತಾ ಲೇಡೀಸ್. ಕಿರಣ್ ರಾವ್ ಅವರ ಈ ಸಿನಿಮಾ 2024ರ ಮಾರ್ಚಿನಲ್ಲಿ ಥಿಯೇಟರಿಗೆ ಬಂದಾಗ ನಮ್ಮ ಓಣಿಯಲ್ಲಿ ಯಾರಿಗೂ ಸುದ್ದಿಯೇ ಇರಲಿಲ್ಲ. ಮುಂದಿನ ತಿಂಗಳು ನೆಟ್‌ಫ್ಲಿಕ್ಸಿಗೆ ಬಂದ ಮೇಲೆ ಎಲ್ಲರ ಮನೆಯಲ್ಲೂ ಅದೇ. ಕಥೆ 2001ರದು. ರೈಲಿನಲ್ಲಿ ಒಂದೇ ಥರ ಸೆರಗು ಹೊದ್ದ ಇಬ್ಬರು ಮದುವಣಗಿತ್ತಿಯರು ಅದಲುಬದಲಾಗುತ್ತಾರೆ. ಹೆಂಡತಿ ಕಳೆದುಹೋದಳೆಂದು ದೀಪಕ್ ಠಾಣೆಗೆ ಹೋದರೆ ಅವನ ಬಳಿ ಇರುವ ಒಂದೇ ಫೋಟೋದಲ್ಲೂ ಮುಖ ಸೆರಗಿನೊಳಗಿದೆ. ಅವ್ವ ನಕ್ಕಳು. ಆಮೇಲೆ, "ನನ್ನ ಮದುವಿ ಫೋಟೋದಾಗೂ ನಾ ಎಲ್ಲಿ ಕಾಣ್ತೀನಿ?" ಅಂದಳು.

ಅವ್ವನಿಗೆ ಹಿಡಿಸಿದ್ದು ಪ್ಲಾಟ್‌ಫಾರ್ಮಿನ ಮೇಲೆ ಅಂಗಡಿ ಇಟ್ಟ ಮಂಜು ಮಾಯಿ. ಛಾಯಾ ಕದಮ್ ಆ ಪಾತ್ರದಲ್ಲಿ ನಟಿಸಿದ್ದಾರೆ ಎಂದು ಹೇಳಿದರೂ ಅವ್ವ ನಂಬಲು ತಯಾರಿಲ್ಲ, "ಆಕಿ ಖರೇನೇ ಚಾ ಮಾರೋಕಿ" ಅನ್ನುತ್ತಾಳೆ. ನನಗೆ ಹಿಡಿಸಿದ್ದು ರವಿ ಕಿಶನ್ ಅವರ ಪಾನ್ ಜಗಿಯುವ ಸಬ್‌ಇನ್‌ಸ್ಪೆಕ್ಟರ್. ಲಂಚ ತಿನ್ನುತ್ತಾನೆ, ಕಾಯಿಸುತ್ತಾನೆ, ಕೊನೆಗೆ ಯಾವ ಕಡೆ ನಿಲ್ಲುತ್ತಾನೆ ಅನ್ನುವುದನ್ನು ಸಿನಿಮಾ ಕೊನೆಯವರೆಗೂ ಮುಚ್ಚಿಡುತ್ತದೆ. ಇದೇ ಇನ್‌ಸ್ಪೆಕ್ಟರ್ ಸೀರೀಸಿನಲ್ಲಿದ್ದರೆ ಎರಡನೇ ಸೀಸನ್ನಿಗೆ ಅವನ ಬಾಲ್ಯ, ಮೂರನೆಯದಕ್ಕೆ ಅವನ ಶತ್ರು ಬರುತ್ತಿದ್ದರು. ಕೊರತೆ ಇಲ್ಲವೆಂದಲ್ಲ. ಊರು ವಿಪರೀತ ಚೊಕ್ಕಟವಾಗಿದೆ, ಒಬ್ಬ ಗಂಡನನ್ನು ಬಿಟ್ಟರೆ ಉಳಿದವರೆಲ್ಲ ಕೊನೆಗೆ ಒಳ್ಳೆಯವರೇ, ಜಾತಿಯ ಮಾತೇ ಎತ್ತುವುದಿಲ್ಲ. ಹಳ್ಳಿ ಕಂಡವರಿಗೆ ಇದು ಕಣ್ಣಿಗೆ ಹೊಡೆಯುತ್ತದೆ. ಆದರೂ ಹೇಳಬೇಕಾದ್ದನ್ನು ಹೇಳಿ ಎದ್ದು ನಡೆಯುವ ಧೈರ್ಯ ಆ ಸಿನಿಮಾಕ್ಕಿದೆ.

ಕ್ರೈಂ ಸೀರೀಸುಗಳ ಬಗ್ಗೆ ಉದ್ದ ಬೇಡ. 'ಮಿರ್ಜಾಪುರ' ಮೊದಲ ಸೀಸನ್ನಿಗೇ ಸಾಕಾಯಿತು, ಅದರಲ್ಲಿನ ಬೈಗುಳ ನಮ್ಮ ಗಂಜ್ ಕಡೆಯ ಹುಡುಗರ ಬಾಯಿಗೂ ಅಂಟಿದ್ದು ಬಿಟ್ಟರೆ ಬೇರೆ ಲಾಭ ಕಾಣಲಿಲ್ಲ. 'ಪಾತಾಳ್ ಲೋಕ್' ನನ್ನ ಮಾತಿಗೆ ಅಪವಾದ. 2020ರ ನಂತರ ಎರಡನೇ ಸೀಸನ್ 2025ರಲ್ಲಿ ಬಂತು, ಅವಸರ ಮಾಡಲಿಲ್ಲ, ಹಳೇ ಕಥೆಯನ್ನೇ ಎಳೆಯದೆ ನಾಗಾಲ್ಯಾಂಡಿಗೆ ಹೋಯಿತು. ಜೈದೀಪ್ ಅಹ್ಲಾವತ್ ಅವರ ಹಾಥಿರಾಮ್ ಚೌಧರಿಯಂಥ ದಣಿದ ಪೊಲೀಸನನ್ನು ಯಾವ ಸಿನಿಮಾವೂ ಕೊಟ್ಟಿಲ್ಲ.

ಥಿಯೇಟರಿನ ದೊಡ್ಡ ಸಿನಿಮಾಗಳಲ್ಲಿ ನಾನು ಹೋಲಿಸಿದ್ದು 'ಛಾವಾ' ಮತ್ತು 'ಧುರಂಧರ್'. ಎರಡೂ 2025ರವು, ಎರಡರಲ್ಲೂ ಅಕ್ಷಯ್ ಖನ್ನಾ ಇದ್ದಾರೆ, ಎರಡರಲ್ಲೂ ನಾಯಕನಿಗಿಂತ ಅವರೇ ನೆನಪಿರುತ್ತಾರೆ. ಛಾವಾದಲ್ಲಿ ಮುದುಕ ಔರಂಗಜೇಬನಾಗಿ ಕಡಿಮೆ ಮಾತಾಡಿ ಗೆದ್ದರೆ, ಧುರಂಧರ್‌ನಲ್ಲಿ ಕರಾಚಿಯ ರೆಹಮಾನ್ ಡಕಾಯಿತ್ ಆಗಿ ಒಂದು ಕುಣಿತದಲ್ಲೇ ಗೆದ್ದುಬಿಟ್ಟರು. ಅಬ್ಬರದಲ್ಲಿ ಛಾವಾ ಕಿವಿ ಕಿವುಡು ಮಾಡುತ್ತದೆ, ನಾಯಕ ಸಂಭಾಜಿಯ ಸುತ್ತ ಇರುವವರು ಯಾರು ಎಂದು ತಿಳಿಯುವುದರೊಳಗೆ ಇನ್ನೊಂದು ಯುದ್ಧ. ಅಂದಹಾಗೆ ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ನಮ್ಮ ಸುರಪುರ ನಾಯಕರ ವಾಗಿನಗೇರಾ ಕೋಟೆಯದು, 1705ರಲ್ಲಿ. ಅದರ ಮೇಲೆ ಕೋಟಿ ಸುರಿಯುವವರು ಮುಂಬೈಯಲ್ಲಿ ಇಲ್ಲ ಅನ್ನಿಸುತ್ತದೆ. ಧುರಂಧರ್ ಮೂರೂವರೆ ತಾಸು ಓಡಿ, ಎರಡನೇ ಭಾಗ ಬರುತ್ತದೆ ಎಂದು ಹೇಳಿ ಕಳಿಸಿತು. ಸೀರೀಸಿನ ಚಟ ಸಿನಿಮಾಕ್ಕೂ ಹತ್ತುತ್ತಿದೆ. ಆದರೂ ಹಾಕಿದ ಟಿಕೆಟಿಗೆ ಮೋಸವಿಲ್ಲ. ಇವೆರಡರಲ್ಲಿ ಒಂದನ್ನೇ ನೋಡುವುದಾದರೆ ಧುರಂಧರ್.

ನನಗೆ ಬಹಳ ದಿನ ತಲೆ ತಿಂದದ್ದು ಪರೀಕ್ಷೆಯ ಕಥೆಗಳು. ಇಲ್ಲಿ ಪರೀಕ್ಷೆ ಬರೆಯದವರು ಯಾರಿದ್ದಾರೆ? 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮ 2022ರಲ್ಲಿ ಬಯಲಾದದ್ದು ನಮ್ಮ ಕಲಬುರಗಿಯ ಪರೀಕ್ಷಾ ಕೇಂದ್ರದಿಂದಲೇ. ಪ್ರಾಮಾಣಿಕವಾಗಿ ಬರೆದವರೂ ಮತ್ತೆ ಬರೆಯಬೇಕಾಯಿತು. '12ತ್ ಫೇಲ್' ಶುರುವಾಗುವುದೇ ಚಂಬಲ್‌ನ ಶಾಲೆಯೊಂದರ ಸಾಮೂಹಿಕ ನಕಲಿನಿಂದ. ಒಬ್ಬ ಡಿಎಸ್‌ಪಿ ಬಂದು ನಕಲು ನಿಲ್ಲಿಸುತ್ತಾನೆ, ಹುಡುಗ ಫೇಲಾಗುತ್ತಾನೆ, ಅದೇ ಡಿಎಸ್‌ಪಿಯನ್ನು ನೋಡಿ ತಾನೂ ಹಾಗಾಗಬೇಕು ಅಂದುಕೊಳ್ಳುತ್ತಾನೆ. ದೆಹಲಿಯ ಹಿಟ್ಟಿನ ಗಿರಣಿಯಲ್ಲಿ ಮೈತುಂಬ ಹಿಟ್ಟು ಮೆತ್ತಿಕೊಂಡು ಓದುವ ವಿಕ್ರಾಂತ್ ಮೆಸ್ಸಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ಅದು ಪಾಸಾದವನ ಕಥೆ. ನಿಜವಾಗಿ ಐಪಿಎಸ್ ಆದವರ ಜೀವನದಿಂದ ಬಂದದ್ದಾದ್ದರಿಂದ ಕೊನೆ ಏನಾಗುತ್ತದೆ ಎಂದು ಕುರ್ಚಿಯಲ್ಲಿ ಕೂರುವ ಮೊದಲೇ ಗೊತ್ತು.

ನೀರಜ್ ಘಾಯ್ವಾನ್ ಅವರ 'ಹೋಮ್‌ಬೌಂಡ್' ಇದಕ್ಕೆ ನೇರ ಎದುರು ನಿಲ್ಲುತ್ತದೆ. ಚಂದನ್ ದಲಿತ, ಶೋಯೆಬ್ ಮುಸ್ಲಿಂ. ಇಬ್ಬರಿಗೂ ಬೇಕಿರುವುದು ಐಪಿಎಸ್ ಅಲ್ಲ, ಪೊಲೀಸ್ ಕಾನ್‌ಸ್ಟೇಬಲ್ ನೌಕರಿ. ಆ ಖಾಕಿ ಹಾಕಿದರೆ ಊರಲ್ಲಿ ಯಾರೂ ತಮ್ಮ ಹೆಸರು ಕೇಳಿ ಮುಖ ಸಿಂಡರಿಸುವುದಿಲ್ಲ ಅನ್ನುವುದಷ್ಟೇ ಆಸೆ. ಅರ್ಜಿ ತುಂಬುವಾಗ ಮೀಸಲಾತಿಯ ಕಾಲಂ ಮುಂದೆ ಚಂದನ್‌ನ ಕೈ ತಡೆಯುತ್ತದೆ. ಇಂಥ ಕೈಗಳನ್ನು ನಾನು ನಮ್ಮ ಸೂಪರ್ ಮಾರ್ಕೆಟ್ ಹತ್ತಿರದ ಆನ್‌ಲೈನ್ ಸೆಂಟರುಗಳಲ್ಲಿ ನೋಡಿದ್ದೇನೆ. ಫಲಿತಾಂಶ ಕಾದು ಕಾದು ಕೊನೆಗೆ ಸೂರತ್‌ನ ಮಿಲ್ಲು, ಅಲ್ಲಿ ಲಾಕ್‌ಡೌನ್, ಅಲ್ಲಿಂದ ನಡಿಗೆ. ಕೊರೊನಾದಿಂದ ದೇಶದ ಮೊದಲ ಸಾವು ಸಂಭವಿಸಿದ್ದು 2020ರ ಮಾರ್ಚಿನಲ್ಲಿ ನಮ್ಮ ಕಲಬುರಗಿಯಲ್ಲಿ. ಪುಣೆ, ಮುಂಬೈಗೆ ದುಡಿಯಲು ಹೋಗಿದ್ದ ನಮ್ಮ ತಾಂಡಾಗಳ ಜನ ಮೂಟೆ ಹೊತ್ತು ಹಿಂದಿರುಗಿದ್ದೂ ಆ ಬೇಸಿಗೆಯಲ್ಲೇ. ಕಥೆಯ ಅರ್ಧದ ನಂತರ ನನಗೆ ಇಶಾನ್ ಖಟ್ಟರ್, ವಿಶಾಲ್ ಜೇಠ್ವಾ ಕಾಣಲೇ ಇಲ್ಲ, ಸೊಲ್ಲಾಪುರ ರಸ್ತೆ ಕಂಡಿತು. 12ತ್ ಫೇಲ್ ನೋಡಿ ಎದ್ದಾಗ ಹುರುಪು ಬರುತ್ತದೆ, ಅದಕ್ಕೂ ಬೆಲೆ ಇದೆ. ಆದರೆ ಎರಡರಲ್ಲಿ ಸತ್ಯ ಯಾವುದು ಹೆಚ್ಚು ಹೇಳಿತು ಅಂದರೆ ಹೋಮ್‌ಬೌಂಡ್. ಭಾರತದಿಂದ ಆಸ್ಕರಿಗೆ ಅದನ್ನೇ ಕಳಿಸಿದ್ದು ನನಗೆ ಸರಿ ಕಂಡಿತು.

ಇವೆರಡರ ನಡುವೆ 'ಕೋಟಾ ಫ್ಯಾಕ್ಟರಿ' ಎಂಬ ಸೀರೀಸ್. ಫುಲೇರಾದ ಕಾರ್ಯದರ್ಶಿ ಜಿತೇಂದ್ರ ಕುಮಾರ್ ಇಲ್ಲಿ ಜೀತೂ ಭಯ್ಯಾ, ಪಾಠ ಹೇಳುವ ಮಾಸ್ತರು. ಕಪ್ಪು ಬಿಳುಪು ಚಿತ್ರಣ ಮೊದಮೊದಲು ಸೋಗು ಅನ್ನಿಸಿತು, ಆಮೇಲೆ ರಾಜಸ್ಥಾನದ ಕೋಟಾದಂಥ ಕೋಚಿಂಗ್ ಊರಿಗೆ ಅದೇ ಬಣ್ಣ ಸರಿ ಅನ್ನಿಸಿತು. 2019ರ ಮೊದಲ ಸೀಸನ್ನಿನಲ್ಲಿ ಜೀತೂ ಭಯ್ಯಾ ಬಳಿ ಎಲ್ಲದಕ್ಕೂ ಉತ್ತರವಿತ್ತು, ಭಾಷಣ ಜಾಸ್ತಿ ಆಯಿತು. ಎರಡನೆಯದು ವಿದ್ಯಾರ್ಥಿನಿಯೊಬ್ಬಳ ಆತ್ಮಹತ್ಯೆಯ ಸುದ್ದಿಯಲ್ಲಿ ನಿಲ್ಲುತ್ತದೆ, 2024ರ ಮೂರನೆಯದರಲ್ಲಿ ಮಾಸ್ತರೇ ಸಲಹೆಗಾಗಿ ವೈದ್ಯರ ಮುಂದೆ ಕೂರುತ್ತಾನೆ. ಈ ಸೀರೀಸ್ ಬೆಳೆದದ್ದು ಹೀಗೆ, ಉತ್ತರಗಳನ್ನು ಕಳೆದುಕೊಳ್ಳುತ್ತಾ. ಪಂಚಾಯತ್‌ಗೆ ಆಗದ್ದು ಇದಕ್ಕೆ ಆಯಿತು. ಆ ಮೂರನೇ ಸೀಸನ್ ಬಂದದ್ದು ನೀಟ್ ಗೊಂದಲ ಎದ್ದಿದ್ದ ಜೂನ್ ತಿಂಗಳಲ್ಲೇ, ಹಾಗಾಗಿ ನಮ್ಮ ಮನೆಯಲ್ಲಿ ಯಾರೂ ಅದನ್ನು ಬರೀ ಕಥೆಯಾಗಿ ನೋಡಲಿಲ್ಲ.

ಯಾಕೆಂದರೆ ಅಕ್ಕನ ಮಗಳು ಬೀದರಿನ ಹಾಸ್ಟೆಲಿನಲ್ಲಿ ಇದ್ದು ನೀಟ್ ಓದುತ್ತಿದ್ದಾಳೆ. ನಮ್ಮ ಭಾಗದ ಕೋಟಾ ಅಂದರೆ ಈಗ ಬೀದರೇ. ರಜೆಗೆ ಬಂದಾಗ ಯಾವುದನ್ನು ನೋಡಬೇಕು, ಯಾವುದನ್ನು ಪರೀಕ್ಷೆ ಮುಗಿದ ಮೇಲೆ ನೋಡಬೇಕು ಎಂದು ನಾನೊಂದು ಪಟ್ಟಿ ಮಾಡಿಕೊಟ್ಟೆ: ಈಗ 12ತ್ ಫೇಲ್, ಕೋಟಾ ಫ್ಯಾಕ್ಟರಿಯ ಎರಡನೇ ಸೀಸನ್ ಮಾತ್ರ ಸದ್ಯ ಬೇಡ, ಹೋಮ್‌ಬೌಂಡ್ ಮೇ ತಿಂಗಳ ನಂತರ. ಆಕೆ ಪಟ್ಟಿ ನೋಡಿ, "ಮಾಮಾ, ಇವೆಲ್ಲಾ ನೋಡಿ ಆಗ್ಯಾವ. ಒಂದೂವರೆ ಸ್ಪೀಡಿನಾಗ ಇಟ್ರ ಲಗೂನ ಮುಗೀತಾವ" ಅಂದಳು. ಯಾವುದು ಚೆನ್ನಾಗಿತ್ತು ಎಂದು ಕೇಳಿದರೆ, ಕೋಟಾ ಫ್ಯಾಕ್ಟರಿಯಲ್ಲಿ ಹುಡುಗರ ಮೆಸ್ ಊಟದ ದೃಶ್ಯ ಖರೇ ಅನ್ನಿಸಿತಂತೆ, ಉಳಿದದ್ದಕ್ಕೆಲ್ಲ ಮ್ಯೂಸಿಕ್ ಜಾಸ್ತಿಯಂತೆ.