ಕೋಲಿ ಮಿಶ್ರತಳಿಯೋ, ಮುಧೋಳವೋ?

ಬಾಗಲಕೋಟೆ ಕಡೆ ಮನೆ, ಆಚೆ ಸ್ವಲ್ಪ ಹೊಲ. ನಾಯಿ ಬೇಕು ಅಂತೀರಿ, ಅಲ್ವಾ? ಕೋಲಿ–ಶೆಫರ್ಡ್ ಮಿಶ್ರತಳಿ ಮರಿ ಕಂಡರೆ ಯಾರಿಗಾದರೂ ಆಸೆಯಾಗುತ್ತೆ. ಆದರೆ ಅದರದು ಕುರಿ ಕಾಯೋ ರಕ್ತ. ಕುರಿ ಇಲ್ಲದಿದ್ದರೆ ಮಕ್ಕಳನ್ನೇ ಸುತ್ತುಹಾಕಿ, ಹಿಮ್ಮಡಿಗೆ ಮೆಲ್ಲಗೆ ಬಾಯಿ ಹಾಕಿ, ಅಂಗಳದ ಮೂಲೆಗೆ ಸೇರಿಸುತ್ತೆ. ನಮ್ಮ ಅಕ್ಕನ ಮನೆಯದು ಕೋಳಿಗಳನ್ನೂ ಬಿಟ್ಟಿಲ್ಲ. ಓಟದ ಜೊತೆ ತಲೆಗೂ ಕೆಲಸ ಬೇಕು, ಇಲ್ಲದಿದ್ದರೆ ಚಪ್ಪಲಿ ಉಳಿಯಲ್ಲ.

ಕೂದಲು ಎರಡು ಪದರ, ವಾರಕ್ಕೆ ಎರಡು ಮೂರು ಸಲ ಬಾಚಬೇಕು. ಬೇಸಿಗೆ ಬಂತು ಅಂತ ಬೋಳಿಸಬೇಡಿ, ಬಿಸಿಲು ನೇರ ಚರ್ಮಕ್ಕೇ ತಾಗುತ್ತೆ. ತಿರುಗಾಟ ಬೆಳಿಗ್ಗೆ 7ರೊಳಗೆ ಮುಗಿಯಲಿ. ಕುರಿಗೆ ಹಾಕುವ ಹುಳದ ಔಷಧಿ ಐವರ್‌ಮೆಕ್ಟಿನ್ ಇದೆಯಲ್ಲ, ಅದನ್ನು ವೈದ್ಯರನ್ನು ಕೇಳದೆ ಇದಕ್ಕೆ ಕೊಡಲೇಬೇಡಿ. ಕೋಲಿ ರಕ್ತದ ಎಷ್ಟೋ ನಾಯಿಗಳಿಗೆ ಜಾಸ್ತಿಯಾದರೆ ಜೀವಕ್ಕೇ ಕುತ್ತು.

ಮುಧೋಳ ನಮ್ಮ ಜಿಲ್ಲೆಯದೇ, 2005ರಲ್ಲಿ ಅಂಚೆಚೀಟಿ ಮೇಲೂ ಬಂತು. ಗಿಡ್ಡ ಕೂದಲು, ಒರೆಸಿದರೆ ಸಾಕು. ಬಿಸಿಲು ತಡೆಯುತ್ತೆ. ಆದರೆ ಬೇಟೆ ನಾಯಿ: ಮೊಲ ಕಂಡರೆ ನಿಮ್ಮ ಕೂಗು ಕಿವಿಗೆ ಬೀಳಲ್ಲ. ಹೊಸಬರು ಮುಟ್ಟಿದರೂ ಆಗಿಬರಲ್ಲ.

ದಿನಾ ಎರಡು ತಾಸು ಕೊಡೋರು ಮಿಶ್ರತಳಿ ತರಲಿ. ಹೊಲಕ್ಕೆ ಬೇಲಿ ಇದ್ದರೆ ನಾನಂತೂ ಮುಧೋಳ ಅಂತೀನಿ. ಬೆಳಿಗ್ಗೆ ಹೋಗಿ ರಾತ್ರಿ ಬರೋರಿಗೆ ಎರಡೂ ಬೇಡ.